ಹಿತ್ತಲ ತಂತಿಗೆ ಕಟ್ಟಿದ ಕಡ್ಡಿ

ಕೊಟ್ಟೂರಾಗ ಬಾಡಿಗಿ ಮನಿ ಹುಡುಕೋದು ಅಂದ್ರ ಮಗನಿಗೆ ಹೆಣ್ಣು ಹುಡುಕಿದಂಗ. ಬಾಡಿಗಿ ಎಷ್ಟು ಕೊಡ್ತಿ ಅಂತ ಕಟ್ಟಕಡೀಕ ಕೇಳ್ತಾರ. ಮೊದ್ಲು ಊರು ಯಾವ್ದು, ಮನಿದೇವ್ರು ಯಾವ್ದು, ಯಾವ ಮಠಕ್ಕ ನಡಕೋತೀರಿ, ಬೀಗರು ಎಲ್ಲೆಲ್ಲಿ ಅದಾರ. ಇಷ್ಟಕ್ಕೂ ಜವಾಬು ಸರಿ ಬಿತ್ತಂದ್ರ ಕೀಲಿಕೈ ಕೈಗೆ. ಬೀಳಲಿಲ್ಲಂದ್ರ "ನಮ್ಮ ಅಳಿಯಾಗ ಬೇಕಾಗೈತ್ರಿ ಆ ಮನಿ" ಅಂತಾರ. ಅಳಿಯ ಆಗೋ ಹುಡುಗ ಇನ್ನೂ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗ್ತಿರ್ತಾನ, ಆ ಮಾತು ಬ್ಯಾರೆ.

ಪ್ರಿಯಾ ಅಂಥಾ ಅಳಿಯಂದಿರ ಕಾಟ ಉಂಡಾಕಿ. ಆಕಿ ಗಂಡ ಕ್ರಾಂತಿಕುಮಾರ ಹಿರೇಹಡಗಲಿಯ ದಲಿತರ ಕೇರಿಯಾಗ ಹುಟ್ಟಿ, ಹಾಸ್ಟೆಲ್ ಸಾರು ಕುಡದು ಬೆಳದು, ಕೊಟ್ಟೂರಿನ ಒಂದು ಕಾಲೇಜಿನಾಗ ಇತಿಹಾಸ ಹೇಳೊ ಮೇಷ್ಟ್ರಾಗಿದ್ದ. ಇಸ್ತ್ರಿ ಅಂಗಿ, ಸ್ಕೂಟರು, ತಿಂಗಳ ಪಗಾರ, ಎಲ್ಲಾ ಇತ್ತು. ಆದ್ರ ಕೇರಿಯವನು ಅಂತ ಗೊತ್ತಾದ ಕೂಡ್ಲೆ ಮನಿ ಮಾಲಕರ ಮುಖ ಹಾಲು ಒಡದಂಗ ಒಡೀತಿತ್ತು. ಬಸುರಿ ಹೆಂಗಸು ಸಾಮಾನು ಗಾಡಿ ಮ್ಯಾಲ ಕುಂತು ಓಣಿಯಿಂದ ಓಣಿಗೆ ಹೋಗೋದು ನೋಡಿದವ್ರಿಗೆ ಗೊತ್ತು. ಅದಕ್ಕ ಕಡೀ ಸಲ, ಲಿಂಗವಂತರ ಓಣ್ಯಾಗ ಸೇಂಗಾ ವ್ಯಾಪಾರಿ ಪಂಚಾಕ್ಷರಪ್ಪನ ಮನಿ ಕೇಳಾಕ ಹೋದಾಗ, ಆತ "ನಮ್ಮವರೇನ್ರಿ?" ಅಂದದ್ದಕ್ಕ ಕ್ರಾಂತಿಕುಮಾರ ತಲಿ ಆಡಿಸಿಬಿಟ್ಟ.

"ನಾ ಬಾಯಿ ತಗಿಲಿಲ್ಲ. ತಲಿ ಆಡಿಸಿದ್ದು ಸುಳ್ಳಾಗಾಂಗಿಲ್ಲ" ಅಂತ ಬಂದು ಹೆಂಡ್ತಿ ಮುಂದ ವಾದಕ್ಕ ನಿಂತ.

"ಇತಿಹಾಸದ ಮೇಷ್ಟ್ರು ನೀವು. ರಾಜರು ತಲಿ ಆಡಿಸಿದ್ದಕ್ಕ ಎಷ್ಟು ಮಂದಿ ತಲಿ ಹೋಗ್ಯಾವು, ನೀವೇ ಹೇಳ್ಬೇಕು" ಅಂದ್ಲು ಪ್ರಿಯಾ. ಅಂದ್ಲು ಖರೆ, ಸಾಮಾನು ಮಾತ್ರ ಅವತ್ತೇ ಕಟ್ಟಿದ್ಲು.

ಎರಡು ಖೋಲಿ, ಅಡಿಗಿಮನಿ, ಹಿತ್ತಲಾಗ ಸ್ವಂತ ನಳ. ಆ ನಳದ ಸಲುವಾಗಿ ಪ್ರಿಯಾ ಏನು ಬೇಕಾದ್ರೂ ತಡಕೋತಿದ್ಲು. ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ಟ್ರಂಕು ಸೇರಿದ್ವು. ಮುಂಜಾನೆ ಜಳಕ ಆದ ಮ್ಯಾಲ ಹಣಿ ತುಂಬ ವಿಭೂತಿ. ಹಿರೇಹಡಗಲಿಯಿಂದ ಬಂದು ಇವರ ಕೂಡ ಇದ್ದ ಅತ್ತಿ ಸುಂಕಮ್ಮಗ ಒಂದೇ ಮಾತು ಹೇಳಿಟ್ಟಿದ್ಲು: ಓಣಿ ಮಂದಿ ಮಾತಾಡಿಸಿದ್ರ ನಕ್ಕು ಒಳಗ ಬರ್ರಿ. ಸುಂಕಮ್ಮ ನಕ್ಕು ನಕ್ಕು ದವಡಿ ನೋವು ಬಂದೈತಿ ಅಂತಿದ್ಲು.

ಪಕ್ಕದ ಪಾಲಿನಾಗ ಪಂಚಾಕ್ಷರಪ್ಪ, ಆತನ ಹೆಂಡ್ತಿ ಅನ್ನದಾನಮ್ಮ. ಹಿತ್ತಲಾಗ ಇಬ್ಬರಿಗೂ ನಡುವ ಎದಿಮಟ್ಟದ ಗ್ವಾಡಿ, ಗ್ವಾಡಿ ಆಚೆ ಅವರ ಎಮ್ಮಿ ಕೊಟ್ಟಿಗಿ. ಅನ್ನದಾನಮ್ಮ ಧ್ವನಿ ಎತ್ತಿ ಮಾತಾಡಿದ್ದು ಓಣ್ಯಾಗ ಯಾರೂ ಕೇಳಿದ್ದಿಲ್ಲ. ಮೆತ್ತಗ ಕೇಳ್ತಿದ್ಲು, ಮೆತ್ತಗ ನಗ್ತಿದ್ಲು, ಹೇಳಿದ್ದನ್ನ ಮರೀತಿದ್ದಿಲ್ಲ. "ತಂಗೀ, ನಿಮ್ಮ ತವರು ಮಂದಿ ಯಾರೂ ಬರಲೇ ಇಲ್ಲಲ್ರಿ ಕೂಸು ನೋಡಾಕ" ಅಂತ ಗ್ವಾಡಿ ಮ್ಯಾಲ ಗಲ್ಲ ಊರಿ ಕೇಳಿದಾಗೆಲ್ಲ ಪ್ರಿಯಾ ಒಲಿ ಮ್ಯಾಲ ಹಾಲೈತಿ ಅಂತ ಒಳಗ ಓಡ್ತಿದ್ಲು.

ಎರಡು ಸಾವಿರದ ಮೂರು, ಇಲ್ಲಾ ನಾಕರ ಮಾತು ಇದು. ಕೂಸಿಗೆ ಒಂದು ವರ್ಷ ತುಂಬಾಕ ಬಂತು. ಹೆಸರು ಮೈತ್ರಿ. ಓಣಿ ಹೆಂಗಸರು ತಾವೇ ದಿನ ಲೆಕ್ಕ ಹಾಕಿ, "ಊಟ ಹಾಕಸ್ತೀರಲ್ರಿ ಮೇಷ್ಟ್ರ ಮನ್ಯಾಗ?" ಅಂತ ಕೇಳಾಕ ಹತ್ತಿದ್ರು. ಹಾಕಸಾಂಗಿಲ್ಲ ಅಂದ್ರ ಯಾಕ ಅಂತಾರ. ಹಾಕಸ್ತೀವಿ ಅಂದ್ರ ಪಂಗ್ತಿ. ಪಂಗ್ತಿ ಅಂದ ಮ್ಯಾಲ ಅಡಿಗಿ ಯಾರದು, ಬಡಸೋರು ಯಾರು, ಬೀಗರು ನೆಂಟರು ಎಲ್ಲಿ, ಜಂಗಮರಿಗೆ ಹೇಳೀರೇನು. ನೆಂಟರನ್ನ ಕರದ್ರ ಅವರ ಮಾತಿನ ಧಾಟಿಲೇ ಗೊತ್ತಾಗ್ತೈತಿ. ಕರೀಲಿಲ್ಲಂದ್ರ ಖಾಲಿ ಪಂಗ್ತಿನೇ ಚಾಡಿ ಹೇಳ್ತೈತಿ.

ಪ್ರಿಯಾಗ ದಾರಿ ಸಿಕ್ಕಿದ್ದು ಟಿವಿಯಾಗ. ಮಧ್ಯಾಹ್ನ ಒಬ್ಬಾಕಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಅಡಿಗಿ ತೋರಸ್ತಿದ್ಲು. ಸಣ್ಣ ಕಡ್ಡಿಗೆ ಒಂದು ತುಂಡು ಪನೀರು, ಒಂದು ದಪ್ಪ ಮೆಣಸಿನಕಾಯಿ, ಒಂದು ಉಳ್ಳಾಗಡ್ಡಿ ಪದರ ಚುಚ್ಚಿ, ಹೆಂಚಿನ ಮ್ಯಾಲ ಹೊರಳಿಸಿ ತಾಟಿನಾಗ ಜೋಡಿಸಿದ್ಲು. ಮಂದಿ ಬಂದ್ರು, ನಿಂತಕೊಂಡೇ ಕಡ್ಡಿ ಹಿಡಕೊಂಡು ತಿಂದ್ರು, ನಕ್ಕೋತ ಹೋದ್ರು. ಎಲಿ ಇಲ್ಲ, ಪಂಗ್ತಿ ಇಲ್ಲ, ಬಡಸೋರಿಲ್ಲ. "ಪಾರ್ಟಿಗೆ ಇದಕ್ಕಿಂತ ಹಗುರ ತಿಂಡಿ ಇಲ್ಲ" ಅಂದ್ಲು ಆಕಿ. ಪ್ರಿಯಾನ ಲೆಕ್ಕ ಇನ್ನೂ ಒಂದು ಹೆಜ್ಜಿ ಮುಂದ ಹೋಗಿತ್ತು. ಹಿಂಗ ಫ್ಯಾಷನ್ ಮಾಡೋ ಮಂದಿಗೆ ಯಾರೂ ಜಾತಿ ಕೇಳಾಂಗಿಲ್ಲ. ಕಡ್ಡ್ಯಾಗ ತಿನ್ನೋರು ಅಂದ್ರ ಬೆಂಗಳೂರು ಕಡಿಯೋರು, ಓದಿದೋರು ಅಂತಾರ, ಮುಗೀತು. ಆ ಸಂಜಿ ಒಂದು ಸರಳ ದಾಟಿಬಿಟ್ರ ಈ ಓಣಿ ತಮ್ಮದಾಗ್ತೈತಿ, ದಾಟಲಿಲ್ಲಂದ್ರ ಮತ್ತ ಗಾಡಿ, ಮತ್ತ ಗಂಟುಮೂಟಿ, ಕಡೀಕ ಮತ್ತ ಕೇರಿ.

ಬಜಾರದಾಗ ಹಲ್ಲುಕಡ್ಡಿ ಡಬ್ಬಿ ಸಿಕ್ತು. ಆದ್ರ ಅದು ಗಿಡ್ಡ, ಮೂರು ತುಂಡು ಹಿಡಿಯಾಂಗಿಲ್ಲ. ಮೇದರಾಕಿ ಹತ್ರ ಹೋಗಿ ಬುಟ್ಟಿ ಹೆಣಿಯೋ ಬಿದಿರು ಸಿಬರು ತಂದ್ಲು. ಸುಂಕಮ್ಮ ಅದನ್ನ ಗೇಣುದ್ದ ಕತ್ತರಿಸಿ, ಚಾಕೂಲೆ ಹೆರದು, ತುದಿ ಚೂಪು ಮಾಡಿ, ನೀರಾಗ ನೆನಿ ಹಾಕಿದ್ಲು.

"ಮಂದೀಗೆ ಕೈಯಾಗ ಬೆರಳಿಲ್ಲೇನು ಪ್ರಿಯವ್ವ?" ಅಂದ್ಲು ಸುಂಕಮ್ಮ.

"ಅದು ಈಗಿನ ಪದ್ಧತಿ ಅತ್ತಿ. ಕೈ ಹೊಲಸಾಗಾಂಗಿಲ್ಲ."

"ನಮ್ಮ ಕೈ ಹೊಲಸು ಅಂತಿದ್ರು ಹಿಂದಕ. ಈಗ ತಮ್ಮ ಕೈಗೂ ಹೇಸಾಕ ಹತ್ಯಾರೇನು? ಚಲೋ ಆತು ಬಿಡು, ಎಲ್ಲಾರೂ ಸಮ ಆದ್ವಿ."

ಪ್ರಿಯಾ ನಕ್ಕಳು. ಅವತ್ತಿನ ದಿನದಾಗ ಆಕಿ ಮನಸಾರೆ ನಕ್ಕಿದ್ದು ಅದೊಂದೇ ಸಲ.

ಕೊಟ್ಟೂರಾಗ ಆವಾಗ ಪನೀರು ಎಲ್ಲಿಂದ ಸಿಗಬೇಕು? ಹಾಲಿಗೆ ನಿಂಬಿಹಣ್ಣು ಹಿಂಡಿ ಒಡಿಸಿ, ಬಟ್ಟ್ಯಾಗ ಕಟ್ಟಿ, ಮ್ಯಾಲ ರುಬ್ಬೊಗುಂಡು ಇಟ್ಲು. ಗಟ್ಟಿ ಆಗಲಿಲ್ಲ, ಚುಚ್ಚಿದ್ರ ಪುಡಿ ಪುಡಿ. ಹಂಗಾರ ಇರ್ಲಿ ಅಂತ ಮೀಲ್ ಮೇಕರ್ ತಂದ್ಲು. ಅದೇ, ಸೋಯಾ ಉಂಡಿ, ಕುದಿಯೋ ನೀರಿಗೆ ಹಾಕಿದ್ರ ಉಬ್ಬತಾವು, ಹಿಂಡಿದ್ರ ಸ್ಪಂಜಿನಂಗ ಆಗ್ತಾವು. ಒಂದೊಂದನ್ನೂ ಎರಡು ಹೋಳು ಮಾಡಿ, ಬ್ಯಾಡಗಿ ಖಾರ, ಅರಿಶಿಣ, ಉಪ್ಪು, ಬಳ್ಳೊಳ್ಳಿ, ಮೊಸರು ಕಲಸಿ ತಿಕ್ಕಿದ್ಲು. ಬೋಗುಣಿ ತುಂಬ ಕೆಂಪಂದ್ರ ಕೆಂಪು.

"ಚುಚ್ಚಿ ಇಡ್ರಿ ಅತ್ತಿ, ಸಂಜೀಕ ಎಣ್ಯಾಗ ಬಿಡೋಣ. ನಾ ಕೂಸಿಗೆ ಎರೀತೀನಿ" ಅಂತ ಹೇಳಿ ಪ್ರಿಯಾ ಬಚ್ಚಲಮನಿ ಹೊಕ್ಕಳು.

ಸುಂಕಮ್ಮ ಒಂದು ತುಂಡು ಹಿಚುಕಿ ನೋಡಿದ್ಲು. ಇನ್ನೂ ನೀರಿತ್ತು. ನೀರಿದ್ದದ್ದು ಎಣ್ಯಾಗ ಬಿದ್ರ ಸಿಡಿತೈತಿ, ಮಕ್ಕಳು ಮರಿ ಓಡಾಡೊ ಮನಿ. ಆರಬೇಕು. ತಾಟಿನಾಗ ಹರವಿದ್ರ ಅಡಿ ಹಸಿ ಉಳಿತೈತಿ. ಆಕಿ ಏನೂ ವಿಚಾರ ಮಾಡಲಿಲ್ಲ, ವಿಚಾರ ಮಾಡೋ ಕೆಲಸ ಅಲ್ಲ ಅದು, ಕೈಗೆ ಬರೋ ಕೆಲಸ. ತುಂಡಿನ ಒಂದು ಮೂಲಿಗೆ ಓರೆ ಚುಚ್ಚಿ, ಒಂದಕ್ಕೊಂದು ತಾಕದಂಗ ನಡುವ ಒಂದು ಬೆರಳು ಗಾಳಿ ಬಿಟ್ಟು, ಕಡ್ಡಿ ಎರಡೂ ತುದಿಗೆ ಸುತ್ಲಿ ದಾರದ ಗಂಟು ಹಾಕಿ, ಹಿತ್ತಲಾಗ ಬಟ್ಟಿ ಒಣಹಾಕೋ ತಂತಿಗೆ ಸಾಲಾಗಿ ಇಳಿಬಿಟ್ಲು. ಕಾಗಿ ಬರಬಾರದು ಅಂತ ನಡುನಡುವ ಒಂದೊಂದು ಕರಿ ಚಿಂದಿ. ಕೆಳಗ ಒಂದು ಹಿಡಿ ಬೇವಿನ ಸೊಪ್ಪಿಗೆ ಕೆಂಡ ಹಾಕಿ ಹೊಗಿ ಎಬ್ಬಿಸಿ, ನೊಣಕ್ಕಂತ, ಪಕ್ಕದಾಗ ಕುಂತಗೊಂಡು ಎಲಿಅಡಿಕಿ ಹಾಕ್ಕೊಂಡ್ಲು.

ಕೇರಿಯಾಗ ಖಂಡ ಒಣಗಸೋದು ಹಿಂಗ. ಮಾಂಸ ಕೊಯ್ದು ಉಪ್ಪು ಅರಿಶಿಣ ಸವರಿ ಸರ ಕಟ್ಟಿ ಇಳಿಬಿಟ್ರ ಮಳಿಗಾಲಕ್ಕ ಆಗ್ತೈತಿ. ಹೊಲಕ್ಕ ಹೋಗೋರು ಬರೋರು ದೂರದಿಂದನ ನೋಡಿ ಅದು ಯಾವ ಓಣಿ ಅಂತ ಗುರ್ತು ಹಿಡಿತಿದ್ರು. ಸುಂಕಮ್ಮಗ ಅದರಾಗ ಗುರ್ತು ಹಿಡಿಯೋವಂಥಾದ್ದು ಏನೈತಿ ಅಂತ ತಿಳಿದಿದ್ರ ತಾನೆ? ಉಸಿರಾಡಿದಂಗ ಮಾಡಿದ್ಲು.

ಮೊದ್ಲು ಬಂದಿದ್ದು ಕಾಗಿ. ಗ್ವಾಡಿ ಮ್ಯಾಲ ಸಾಲಾಗಿ ಕುಂತ್ವು, ಒಂದೂ ಕೂಗಲಿಲ್ಲ. ಆಮ್ಯಾಲ ಎಲ್ಲಿತ್ತೋ ಏನೋ, ಒಂದು ಹದ್ದು ಓಣಿ ಮ್ಯಾಲ ಸುತ್ತಾಕ ಹತ್ತಿತು. ಅದರ ಹಿಂದ ಇನ್ನೊಂದು.

ಎದುರು ಮನಿ ನಾಗಲಿಂಗಮ್ಮ ಮಾಳಿಗಿ ಮ್ಯಾಲ ಮೆಣಸಿನಕಾಯಿ ಹರವಾಕ ಬಂದಾಕಿ ಒದರಿದ್ಲು, "ಏನ್ರೀ ಮೇಷ್ಟ್ರ ಮನಿಯೋರ, ನಿಮ್ಮ ಹಿತ್ತಲ ಮ್ಯಾಲ ಹದ್ದು ಯಾಕ ಸುತ್ತಾಕತ್ಯಾವು? ಇಲಿ ಗಿಲಿ ಸತ್ತಾವೇನು ನೋಡ್ರಿ."

ಪ್ರಿಯಾ ಕೂಸನ್ನ ಟವೆಲ್‌ನಾಗ ಸುತ್ತಿಕೊಂಡು ಹಿತ್ತಲಿಗೆ ಬಂದ್ಲು. ಬಾಗಿಲಾಗೇ ನಿಂತ್ಲು. ಆಕಿ ತವರೂ ಕೇರಿನೇ, ಹರಪನಹಳ್ಳಿ ಕಡೀದು. ತಂತಿ ಮ್ಯಾಲ ಕೆಂಪ ಕೆಂಪಗ ತೂಗಾಡೋದು ನೋಡಿದ ಕೂಡ್ಲೆ ಆಕಿಗೆ ಸತ್ತುಹೋದ ಅಜ್ಜಿ ಅಂಗಳದ ವಾಸನಿ ಮೂಗಿಗೆ ಬಡೀತು. ಅಲ್ಲಿ ಅಂಥಾ ವಾಸನಿ ಇರಲಿಲ್ಲ, ಬಳ್ಳೊಳ್ಳಿ ಬೇವಿನ ಹೊಗಿ ಅಷ್ಟೇ.

"ಅತ್ತೀ, ಇದೇನು ಮಾಡಿಟ್ರಿ" ಅಂದ್ಲು.

"ಆರಲಿ ಅಂತ ಯವ್ವಾ. ಹಸೀದು ಎಣ್ಯಾಗ..."

"ಬಿಚ್ರಿ. ಲಗೂನ ಬಿಚ್ರಿ."

ಕೂಸನ್ನ ಸುಂಕಮ್ಮನ ತೊಡಿ ಮ್ಯಾಲ ಹಾಕಿ ಪ್ರಿಯಾ ಗಂಟು ಬಿಚ್ಚಾಕ ಕೈ ಹಾಕಿದ್ಲು. ಸುತ್ಲಿ ಗಂಟು, ಒದ್ದಿ ಬೆರಳು, ಬಿಚ್ಚವಲ್ವು. ಆಗ ಬೆನ್ನ ಹಿಂದ ಮೆತ್ತಗ ಒಂದು ಮಾತು ಬಂತು.

"ಯಾಕ ಬಿಚ್ತೀರಿ ತಂಗೀ? ಚಂದ ಕಟ್ಟ್ಯಾರಲ್ಲ."

ಅನ್ನದಾನಮ್ಮ. ಗ್ವಾಡಿ ಮ್ಯಾಲ ಎರಡೂ ಕೈ ಊರಿ ನಿಂತಿದ್ಲು. ಎಷ್ಟೊತ್ತಿನಿಂದ ನಿಂತಿದ್ಲೋ ಯಾರಿಗೆ ಗೊತ್ತು.

"ಮೀಲ್ ಮೇಕರ್ ರೀ ಅಕ್ಕಾರ. ಸೋಯಾ. ಟಿವಿಯಾಗ ತೋರಿಸಿದ್ರು" ಅಂದ್ಲು ಪ್ರಿಯಾ. ಯಾರೂ ಕೇಳಿದ್ದಿಲ್ಲ, ತಾನೇ ಹೇಳಿದ್ಲು.

"ಹೂಂ. ಟಿವಿಯಾಗ ಹಿಂಗ ತಂತಿಗೆ ಕಟ್ಟಿದ್ರೇನು?"

ಅನ್ನದಾನಮ್ಮನ ಕಣ್ಣು ಕಡ್ಡಿ ಮ್ಯಾಲ ಇರಲಿಲ್ಲ. ಸುಂಕಮ್ಮನ ಕೈ ಮ್ಯಾಲ ಇತ್ತು. ಸುಂಕಮ್ಮ ಹೇಳಿಕೊಟ್ಟಂಗ ನಕ್ಕಳು, ಕೂಸನ್ನ ಎತ್ತಿಕೊಂಡು ಒಳಗ ಹೋದ್ಲು.

"ಒಂದಕ್ಕೊಂದು ತಾಕದಂಗ ಕಟ್ಟ್ಯಾರ" ಅಂದ್ಲು ಅನ್ನದಾನಮ್ಮ, "ಇದು ರೂಢಿ ಇದ್ದ ಕೈಗೇ ಬರಬೇಕು. ನಾ ಸಂಜೀಕ ಬರ್ತೀನಿ ತಂಗೀ. ತಪ್ಪಸಾಂಗಿಲ್ಲ."

ಕ್ರಾಂತಿಕುಮಾರ ಕುರ್ಚಿ ಬಾಡಿಗಿಗೆ ತಂದು ಇಳಿಸೋ ಹೊತ್ತಿಗೆ ಪ್ರಿಯಾ ಅಡಿಗಿಮನ್ಯಾಗ ನೆಲದ ಮ್ಯಾಲ ಕುಂತಿದ್ಲು. ನಡದದ್ದು ಹೇಳಿದ್ಲು.

"ಸೋಯಾ ನೋಡಿ ಯಾರು ಏನು ತಿಳಕೋತಾರ? ನಿಂದು ಬರೇ ಅಂಜಿಕಿ" ಅಂದ ಆತ.

"ನಿಮಗ ಆಕಿ ಕಣ್ಣು ಗೊತ್ತಿಲ್ಲ."

"ಹಂಗಾರ ಪಾರ್ಟಿ ಬ್ಯಾಡ ಅಂತ ಹೇಳಿಬಿಡ್ಲೇನು?"

"ಈಗ ಬ್ಯಾಡ ಅಂದ್ರ ಆಕಿಗೆ ತಾಮ್ರಪತ್ರ ಬರಕೊಟ್ಟಂಗ. ನಡೀರಿ, ಬಲೂನು ಊದ್ರಿ."

ಬಲೂನು ಊದಿದ್ರು. ಕಡ್ಡಿ ಎಣ್ಯಾಗ ಬಿಟ್ರು. ಒಂದೂ ಸಿಡೀಲಿಲ್ಲ, ಸುಂಕಮ್ಮ ಆರಿಸಿದ್ದು ಅಷ್ಟು ಹದವಾಗಿತ್ತು. ಹೊರಗ ಗರಿಗರಿ, ಒಳಗ ಮೆತ್ತಗ. ನಡುವ ಉಳ್ಳಾಗಡ್ಡಿ ಪದರ, ದಪ್ಪ ಮೆಣಸಿನಕಾಯಿ, ತುದಿಗೆ ಒಂದು ಟಮಾಟಿ ಹೋಳು. ಮಕ್ಕಳಿಗಂತ ಸೌತಿಕಾಯಿ, ಬಾಳಿಹಣ್ಣು, ಚೆರ್ರಿ ಚುಚ್ಚಿದ್ದು ಬ್ಯಾರೆ ತಾಟು. ಪ್ರಿಯಾ ಒಂದು ದೊಡ್ಡ ಕೋಸುಗಡ್ಡಿಗೆ ಬಂಗಾರ ಬಣ್ಣದ ಕಾಗದ ಸುತ್ತಿ, ಅದಕ್ಕ ಕಡ್ಡಿ ಎಲ್ಲಾ ಸಿಗಿಸಿ ನಡುವ ಇಟ್ಲು. ಮುಳ್ಳುಹಂದಿ ಕುಂತಂಗ ಕಾಣ್ತಿತ್ತು.

ಸಂಜೀಕ ಓಣಿ ಮಂದಿ ಬಂದ್ರು. ಹೆಂಗಸರು ಒಂದು ಗ್ವಾಡಿಗೆ, ಗಂಡಸರು ಒಂದು ಗ್ವಾಡಿಗೆ. ಕೇಕು ಕೊಯ್ದದ್ದಾತು, ಕೂಸು ಅತ್ತದ್ದಾತು. ಕೇಕು ಬೇಕರೀದು, ಅದನ್ನ ಎಲ್ಲಾರೂ ತಿಂದ್ರು. ಮುಳ್ಳುಹಂದಿ ಕಡಿ ಮಾತ್ರ ಯಾರೂ ಕೈ ಚಾಚಲಿಲ್ಲ. ನಾಗಲಿಂಗಮ್ಮ ಹತ್ರ ಬಂದು ಬಗ್ಗಿ ನೋಡಿದ್ಲು. "ಇದನ್ನ ಹೆಂಗ ತಿನಬೇಕ್ರಿ? ಕಡ್ಡಿ ಸಮೇತನೇನು?" ಅಂದ್ಲು. ಒಂದಿಬ್ಬರು ನಕ್ಕರು. ಮತ್ತ ಎಲ್ಲಾರ ಕಣ್ಣು ಬಾಗಿಲ ಕಡಿ. ಅನ್ನದಾನಮ್ಮ ಇನ್ನೂ ಬಂದಿದ್ದಿಲ್ಲ, ಆಕಿ ಮುಟ್ಟದ ಹೊರತು ಆ ಓಣ್ಯಾಗ ಯಾರೂ ಏನೂ ಮುಟ್ಟತಿದ್ದಿಲ್ಲ.

ಬಂದ್ಲು. ಹಸರು ಇಳಕಲ್ ಸೀರಿ, ಕೈಯಾಗ ಕೂಸಿಗೆ ಒಂದು ಬೆಳ್ಳಿ ಲೋಟ. ನಡುವಿನ ಕುರ್ಚಿ ಖಾಲಿ ಮಾಡಿ ಕೊಟ್ರು, ಕುಂತ್ಲು. ಪ್ರಿಯಾ ಎದುರು ನಿಂತಿದ್ಲು. ಈಗ ಹೇಳ್ತಾಳ, ಈಗ ಎಲ್ಲಾರ ಮುಂದ ಹೇಳ್ತಾಳ ಅಂತ ಆಕಿ ಬಾಯಿನೇ ನೋಡ್ತಿದ್ಲು. ಸುಂಕಮ್ಮ ಅಡಿಗಿಮನಿ ಪರದೆ ಹಿಂದ.

"ತಂಗೀ, ಅದೊಂದು ಕಡ್ಡಿ ಕೊಡ್ರಿ" ಅಂದ್ಲು ಅನ್ನದಾನಮ್ಮ.

ಪ್ರಿಯಾ ಕೊಟ್ಲು. ಅನ್ನದಾನಮ್ಮ ಅದನ್ನ ಬೆಳಕಿಗೆ ಹಿಡದು ತಿರುಗಿಸಿ ನೋಡಿ, ಒಂದು ತುಂಡು ಹಲ್ಲಿಲೆ ಎಳಕೊಂಡ್ಲು. ಅಗದ್ಲು.

"ಇಂಥಾ ರುಚಿ ನಾ ಉಂಡಿಲ್ಲ ನೋಡ್ರೆವ್ವಾ" ಅಂದ್ಲು. ಮೊಟ್ಟಮೊದಲ ಸಲ ಆಕಿ ಧ್ವನಿ ಓಣಿ ಮಂದಿಗೆ ಜೋರಾಗಿ ಕೇಳಿಸ್ತು. "ಏ ನಾಗಲಿಂಗಮ್ಮ, ಏನು ನಾಚ್ಕೋತಿ? ತಗೋ. ಏನ್ರೀ, ನೀವೂ ತಗೋರಿ" ಅಂತ ಗಂಡನ ಕಡಿ ಕೈ ಮಾಡಿದ್ಲು. "ಮೇಷ್ಟ್ರ ಅವ್ವ ಸ್ವಂತ ಕೈಲೆ ಮಾಡ್ಯಾರ. ಒಬ್ಬರೂ ಬಿಡಬಾರದು."

ಮಂದಿ ಮುಗಿಬಿದ್ರು. ಮುಳ್ಳುಹಂದಿ ಮುಳ್ಳೆಲ್ಲ ನೋಡನೋಡತ ಕಿತ್ತುಹೋದ್ವು. ಪಂಚಾಕ್ಷರಪ್ಪ ಎರಡು ಕೈಯಾಗ ಎರಡು ಹಿಡಕೊಂಡು "ಮಂಡಕ್ಕಿ ಮಿರ್ಚಿ ಇದರ ಮುಂದ ಏನೂ ಅಲ್ಲ ಬಿಡ್ರಿ ಮೇಷ್ಟ್ರ" ಅಂದ. ನಾಗಲಿಂಗಮ್ಮ ಸೆರಗಿನಾಗ ಮೊಮ್ಮಗನಿಗಂತ ಕಟ್ಟಿಕೊಂಡ್ಲು. ಕ್ರಾಂತಿಕುಮಾರ ದೂರದಿಂದ ಹೆಂಡ್ತಿ ಕಡಿ ನೋಡಿ ಹುಬ್ಬು ಹಾರಿಸಿದ, ನೋಡಿದೇನು, ನಾ ಹೇಳಿದ್ದಿಲ್ಲೇನು ಅನ್ನೋವಂಗ.

ಪ್ರಿಯಾ ಆತನ ಕಡಿ ನೋಡ್ತಿದ್ದಿಲ್ಲ. ಅನ್ನದಾನಮ್ಮನ ಗಂಟಲು ನೋಡ್ತಿದ್ಲು. ಬಾಯಿ ಅಗಿಯಾಕ ಹತ್ತಿತ್ತು, ಮಾತು ಆಡಾಕ ಹತ್ತಿತ್ತು. ಗಂಟಲು ಒಂದು ಸಲನೂ ಇಳೀಲಿಲ್ಲ. ಒಂದು ಗಲ್ಲ ಸ್ವಲ್ಪ ಉಬ್ಬಿತ್ತು. ಆಮ್ಯಾಲ ಆಕಿ ಎದ್ದು, "ಕೈ ತೊಳಕೋತೀನಿ" ಅಂತ ಹಿತ್ತಲಿಗೆ ಹೋದ್ಲು. ನಳದ ನೀರಿನ ಸಪ್ಪಳ, ಬಾಯಿ ಮುಕ್ಕಳಿಸೋ ಸಪ್ಪಳ. ನಿಲ್ತು ಅಂದ್ರ ಮತ್ತ ಶುರು ಆಗ್ತಿತ್ತು. ಒಳಗ ಮಂದಿ ನಗ್ತಿದ್ರು, ಯಾರಿಗೂ ಕೇಳಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಎಲ್ಲಾರೂ ಹೋದ್ರು. ಕ್ರಾಂತಿಕುಮಾರ ಕುರ್ಚಿ ವಾಪಸ್ ಕೊಡಾಕ ಹೋದ. ಹಿತ್ತಲಿಂದ ತಿರುಗಿ ಬಂದು ಕುಂತ ಅನ್ನದಾನಮ್ಮ ಮಾತ್ರ ನಡುವಿನ ಕುರ್ಚಿ ಬಿಡಲಿಲ್ಲ. ಬಾಡಿಗಿ ಕುರ್ಚಿ ಅದು, ಅದೊಂದು ಉಳಿಸಿ ಹೋಗಿದ್ದ.

"ಕುಂದ್ರು ಪ್ರಿಯಾ" ಅಂದ್ಲು.

ತಂಗೀನೂ ಇಲ್ಲ, ರೀ ನೂ ಇಲ್ಲ. ಪ್ರಿಯಾ ಕುಂತ್ಲು. ಎಲ್ಲಿ ಅಂದ್ರ, ನೆಲದ ಮ್ಯಾಲ. ಯಾಕ ನೆಲದ ಮ್ಯಾಲ ಕುಂತೆ ಅಂತ ಆಕಿಗೇ ತಿಳೀಲಿಲ್ಲ.

"ನನ್ನ ತವರೂರು ಇಟ್ಟಿಗಿ. ಹೊಲಕ್ಕ ಹೋಗೋ ದಾರಿ ಕೇರಿ ಮುಂದ ಹಾದು ಹೋಗ್ತಿತ್ತು. ಸಣ್ಣಾಕಿದ್ದಾಗ ಅವ್ವನ ಸೆರಗು ಮೂಗಿಗೆ ಹಿಡಕೊಂಡು ದಾಟತಿದ್ದೆ. ಕಣ್ಣು ಮಾತ್ರ ಮುಚ್ಕೋತಿದ್ದಿಲ್ಲ. ಓರೆ ಚುಚ್ಚಬೇಕು, ನಡುವ ಒಂದು ಬೆರಳು ಬಿಡಬೇಕು, ಕಾಗಿಗಂತ ಕರಿ ಚಿಂದಿ ಕಟ್ಟಬೇಕು. ನಿಮ್ಮತ್ತಿ ಒಂದೂ ಮರ್ತಿಲ್ಲ."

"ಅದು ಸೋಯಾ ರೀ ಅಕ್ಕಾರ. ಶಾಕಾಹಾರ."

"ಗೊತ್ತೈತಿ. ತುಂಡು ಯಾವುದರದು ಅಂತ ಯಾರು ಕೇಳ್ಯಾರ ನಿನ್ನ? ಕಟ್ಟಿದ ಕೈ ನೋಡಿದೆ ನಾನು."

ಪರದೆ ಹಿಂದ ಸುಂಕಮ್ಮನ ಕೈಬಳಿ ಸಪ್ಪಳ ಒಂದು ಸಲ ಆಗಿ ನಿಂತಿತು.

"ಹಂಗಾರ ಎಲ್ಲಾರಿಗೂ ಯಾಕ ತಿನ್ನಿಸಿದ್ರಿ?" ಅಂದ್ಲು ಪ್ರಿಯಾ.

ಅನ್ನದಾನಮ್ಮ ಸೀರಿ ನಿರಗಿ ಸರಿ ಮಾಡ್ಕೊಂಡ್ಲು. ಅವಸರ ಇದ್ದಿಲ್ಲ ಆಕಿಗೆ.

"ತಿನ್ನಿಸದೆ ಮನಿ ಬಿಡ್ರಿ ಅಂದಿದ್ರ ನೀವು ಇನ್ನೊಂದು ಓಣಿ ನೋಡ್ಕೋತಿದ್ರಿ. ನನಗೇನು ಬಂತು? ಈಗ ನೋಡು. ಓಣಿ ಮಂದಿ ಪೂರ್ತಿ ನಿಮ್ಮತ್ತಿ ಕೈದು ತಿಂದಾರ. ನಮ್ಮನಿಯವ್ರು ಕೊರಳಾಗ ಲಿಂಗ ಇಟ್ಕೊಂಡು ತಿಂದಾರ. ಮಕ್ಕಳು ಮರಿ ತಿಂದಾವು. ತಿಳೀಲಾರದ ತಿಂದೋರಿಗೆ ತಿಳೀತಂದ್ರ ಸಿಟ್ಟು ಯಾವ ಕಡೀಗೆ ಹೋಗ್ತೈತಿ, ನನಗೂ ಹೇಳಾಕ ಬರಾಂಗಿಲ್ಲ. ಗಂಡಸರ ಸಿಟ್ಟು. ನಿಮ್ಮ ಮೇಷ್ಟ್ರು ದಿನಾ ಕೆರಿ ಏರಿ ಮ್ಯಾಲ ಒಬ್ಬನೇ ಬರ್ತಾನ ಸ್ಕೂಟರ್ ಮ್ಯಾಲ."

ಕೂಸು ನಿದ್ದ್ಯಾಗ ಮುಲುಗಿತು. ಪ್ರಿಯಾ ಅದರ ಮ್ಯಾಲ ಕೈ ಇಟ್ಲು.

"ನಾವು ನಾಳೆನೇ ಬಿಡ್ತೀವ್ರಿ."

"ಯಾಕ ಬಿಟ್ರು ಅಂತ ಓಣಿ ಕೇಳ್ತೈತಿ. ನಾ ಸುಳ್ಳು ಹೇಳಾಕಿ ಅಲ್ಲ. ಇಲ್ಲೇ ಇದ್ರ ಯಾರೂ ಕೇಳಾಂಗಿಲ್ಲ, ನಾ ಹೇಳೋ ಪ್ರಶ್ನೆನೂ ಬರಾಂಗಿಲ್ಲ." ಎದ್ದು ನಿಂತ್ಲು. "ನಮ್ಮ ಕೊಟ್ಟಿಗಿಗೆ ಬರೋ ಹೆಣ್ಮಗಳು ಬಿಟ್ಟಾಳ. ಸಗಣಿ ಬಾಚೋದು, ಗಂಜಲ ತಳ್ಳೋದು, ಕುಳ್ಳು ತಟ್ಟೋದು. ನಿಮ್ಮತ್ತಿ ಕೈ ಹದ ಚಲೋ ಐತಿ. ನಸುಕಿನ್ಯಾಗ ಹಿತ್ತಲ ಕಡಿಯಿಂದ ಬರಲಿ. ಮಂದಿ ಕೇಳಿದ್ರ, ವಯಸ್ಸಾದೋರು, ಸುಮ್ನ ಕುಂದ್ರಾಕ ಬ್ಯಾಸರ, ದನದ ಮ್ಯಾಲ ಪ್ರೀತಿ ಅಂದ್ರಾತು. ಬೆಳ್ಳಿ ಲೋಟ ಕೂಸಿಗೆ ಇಟ್ಟೀನಿ, ದೃಷ್ಟಿ ತಗದು ಹಾಲು ಕುಡಸು."

ಕೂಲಿ ಮಾತು ಆಕಿ ಎತ್ತಲಿಲ್ಲ. ಪ್ರಿಯಾನೂ ಕೇಳಲಿಲ್ಲ.

ಕ್ರಾಂತಿಕುಮಾರ ಬಂದ ಮ್ಯಾಲ ಎಲ್ಲಾ ಕೇಳಿ, ಒಳಗ ಹೋಗಿ ಗೋಣಿಚೀಲ ತಂದು ಪುಸ್ತಕ ತುಂಬಾಕ ಹತ್ತಿದ. ಪುಸ್ತಕ ಬಿದ್ದ ಸಪ್ಪಳಕ್ಕ ಕೂಸು ಎದ್ದು ಅಳ್ತು.

"ಎಲ್ಲಿಗೆ ಹೋಗ್ತಿ?" ಅಂದ್ಲು ಸುಂಕಮ್ಮ, ಪರದೆ ಸರಿಸಿ.

"ಎಲ್ಲಿಗಾರ. ನಿನ್ನ ತಲಿ ಮ್ಯಾಲಿನ ಸಗಣಿ ಬುಟ್ಟಿ ಇಳಿಸಾಕ ಓದಿದೋನು ನಾನು. ನೌಕರಿ ಸಿಕ್ಕ ವರ್ಷನೇ ಇಳಿಸೀನಿ. ಮತ್ತ ಹೊರಸಾಂಗಿಲ್ಲ."

"ಕೆರಿ ಏರಿ ಮ್ಯಾಲ ನಿನ್ನ ಕೆಡವಿದ್ರ ನಾ ಏನು ಹೊರಬೇಕು, ಅದನ್ನ ಹೇಳು."

"ಪೊಲೀಸು ಐತಿ. ಕಾಯ್ದೆ ಐತಿ."

"ಐತಿ ಬಿಡಪ್ಪ. ಎಲ್ಲಾ ಐತಿ. ಆಕಿ ನನ್ನ ಕೈ ನೋಡಿ ನನ್ನ ಹುಟ್ಟು ಓದಿದ್ಲು. ನೀ ಅಷ್ಟು ಪುಸ್ತಕ ಓದಿ ಆಕಿ ಕಣ್ಣಾಗ ಏನೈತಿ ಅಂತ ಓದಲಿಲ್ಲ." ಸುಂಕಮ್ಮ ಕೂಸನ್ನ ಎತ್ತಿಕೊಂಡು ಹೆಗಲಿಗೆ ಹಾಕ್ಕೊಂಡ್ಲು. "ನನ್ನ ಮಾತೂ ಬ್ಯಾಡ, ನಿನ್ನ ಮಾತೂ ಬ್ಯಾಡ. ಮನಿ ಬೇಕು ಅಂದಾಕಿ ಪ್ರಿಯವ್ವ. ಪ್ರಿಯವ್ವ ಹೇಳಲಿ."

ಇಬ್ಬರೂ ಪ್ರಿಯಾನ ಕಡಿ ನೋಡಿದ್ರು.

ಪ್ರಿಯಾ ನೆಲದ ಮ್ಯಾಲ ಬಿದ್ದ ಕಡ್ಡಿ ಆರಸ್ತಿದ್ಲು. ಮಕ್ಕಳು ಎಲ್ಲೆಂದ್ರಲ್ಲಿ ಒಗದು ಹೋಗಿದ್ವು, ಕುರ್ಚಿ ಕೆಳಗ, ಕಿಟಕಿ ಸಂದ್ಯಾಗ, ಚಾಪಿ ಅಡೀಗೆ. ತುದಿ ಎಲ್ಲಾ ಚೂಪು, ಕೂಸು ಅಂಬೆಗಾಲು ಇಡೋ ಮನಿ. ಒಂದೊಂದು ಆರಿಸಿ ಮುಷ್ಟಿ ತುಂಬಿಕೊಂಡ್ಲು. ಹೋಗೋಣ ಅನ್ನಬೇಕು ಅಂತ ಬಾಯಿ ತಗದಿದ್ಲು ಖರೆ. ಸಾಮಾನು ಗಾಡಿ ಕಣ್ಣ ಮುಂದ ಬಂತು, ಕೆರಿ ಏರಿ ಬಂತು, ನಸುಕಿನ್ಯಾಗ ಬೋರಿನ ಮುಂದ ಕೊಡ ಸಾಲಿಟ್ಟು ನಿಲ್ಲೋದು ಬಂತು. ಹೋಗೋಣ ಅನ್ನೋ ಮಾತು ಮಾತ್ರ ಬರಲಿಲ್ಲ.

"ಅತ್ತೀ" ಅಂದ್ಲು, ತಲಿ ಎತ್ತದೆ, "ನಿಮ್ದು ಹಳೇ ಸೀರಿ ಯಾವ್ದರ ಐತೇನು? ಕೆಲಸಕ್ಕ ಉಡೋವಂಥಾದ್ದು."

ಗೋಣಿಚೀಲದಾಗ ಕ್ರಾಂತಿಕುಮಾರನ ಕೈ ನಿಂತುಬಿಡ್ತು.

"ಕಂದು ಬಣ್ಣದ್ದು ಒಂದೈತಿ ಯವ್ವಾ" ಅಂದ್ಲು ಸುಂಕಮ್ಮ. "ಅಂಚು ಹರದೈತಿ. ಈಗಿಂದೀಗ ಹೊಲಕೊಂಡ್ರ ನಡೀತೈತಿ. ಸೂಜಿಗೆ ದಾರ ಪೋಣಿಸಿಕೊಡು, ನನಗ ಕಣ್ಣು ಕಾಣಾಂಗಿಲ್ಲ."

ಪ್ರಿಯಾ ಎದ್ದು ಸೂಜಿ ಹುಡುಕಾಕ ಹೋದ್ಲು. ಗ್ವಾಡಿ ಆಚೆ ಎಮ್ಮಿ ಒಂದು ಸಲ ಒದರಿತು. ಆಮ್ಯಾಲ ಯಾರೋ ಕೊಟ್ಟಿಗಿ ಬಾಗಿಲ ಅಗಳಿ ಸರಿಸಿ, ಮುಚ್ಚದೆ ಹಂಗೇ ಬಿಟ್ಟು ಹೋದ ಸಪ್ಪಳ ಕೇಳ್ತು.